ಎರಡು ಸುತ್ತು ಬಾಕಿಯಿರುವಾಗಲೇ ನನ್ನನ್ನು ಹೊರಗೆ ಕಳುಹಿಸಿದ ಲೆಕ್ಕದ ಕುರಿತು

ಇವರಿಗೆ,
ಸ್ಪರ್ಧಾ ನಿರ್ದೇಶಕರು ಮತ್ತು ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಭಾನುವಾರದ ಕ್ರಾಸ್ ಕಂಟ್ರಿ ಸ್ಪರ್ಧೆಯಿಂದ ನಿಯಮಕ್ಕೆ ವಿರುದ್ಧವಾಗಿ ನನ್ನನ್ನು ಹೊರಗಿಟ್ಟು, ಫಲಿತಾಂಶ ಪಟ್ಟಿಯಲ್ಲಿ ‘ಡಿಎನ್‌ಎಫ್’ (ಸ್ಪರ್ಧೆ ಮುಗಿಸಿಲ್ಲ) ಎಂದು ನಮೂದಿಸಿ, ನನ್ನ ಫೋಟೊವನ್ನು ಜಾಹೀರಾತಿಗೆ ಬಳಸಿರುವುದು.

ಮಾನ್ಯರೇ,

ಚಿಕ್ಕಬಳ್ಳಾಪುರದ ಆಚೆಯ ಕಲ್ಲುಗುಡ್ಡದ ತಪ್ಪಲಿನಲ್ಲಿ ತಾವು ಕಳೆದ ತಿಂಗಳು ಶನಿವಾರ ಮತ್ತು ಭಾನುವಾರ ಏರ್ಪಡಿಸಿದ್ದ ಮೌಂಟನ್ ಬೈಕ್ ಸ್ಪರ್ಧೆಯಲ್ಲಿ ನಾನು ಹೆಚ್ಚು ವಯಸ್ಸಿನವರ ಮಾಸ್ಟರ್ಸ್ ವರ್ಗದ 417ನೇ ನಂಬರಿನ ಸ್ಪರ್ಧಿಯಾಗಿದ್ದೆ. ಎರಡು ದಿನಕ್ಕೆ 3,200 ರೂಪಾಯಿ ಶುಲ್ಕ ಕಟ್ಟಿದ್ದೆ. ಆಮೇಲೆ ನಡೆದದ್ದರ ಬಗ್ಗೆ ಮೂರು ಸಲ ಫೋನಿನಲ್ಲಿ ಸೌಜನ್ಯದಿಂದ ವಿಚಾರಿಸಿದೆ, ಎರಡು ಸಲ ಇ-ಮೇಲ್ ಬರೆದೆ. ಉತ್ತರವಾಗಿ ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಎಸ್‌ಎಂಎಸ್ ಬಂತು. ಅದರ ಬೆನ್ನಿಗೇ ಮುಂದಿನ ಸ್ಪರ್ಧೆಗೆ ಶೇಕಡಾ 25ರ ರಿಯಾಯಿತಿ ಕೂಪನ್ ಬಂತು. ಅದನ್ನು 48 ಗಂಟೆಯೊಳಗೆ ಬಳಸಬೇಕಂತೆ. ಇಷ್ಟಕ್ಕೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಆದರೆ ಮೊನ್ನೆ ತಮ್ಮ ಸಂಸ್ಥೆಯ ಜಾಹೀರಾತಿನಲ್ಲಿ, ಕೊರಳಲ್ಲಿ ಪದಕ ಹಾಕಿಸಿಕೊಂಡು ಪೆಚ್ಚಾಗಿ ನಿಂತ ನನ್ನ ಫೋಟೊವನ್ನೂ ಅದರ ಕೆಳಗೆ ‘ಮುಗಿಸಿದವರೆಲ್ಲರೂ ಗೆದ್ದವರೇ’ ಎಂಬ ಸಾಲನ್ನೂ ಕಂಡೆ. ತಮ್ಮದೇ ಫಲಿತಾಂಶ ಪಟ್ಟಿಯ ಪ್ರಕಾರ ನಾನು ಸ್ಪರ್ಧೆಯನ್ನು ಮುಗಿಸಿಯೇ ಇಲ್ಲ. ಎರಡರಲ್ಲಿ ಯಾವುದು ಸುಳ್ಳು ಎಂದು ತಾವೇ ತೀರ್ಮಾನಿಸಿ ತಿಳಿಸಬೇಕೆಂದು ಕೋರುತ್ತೇನೆ.

ಮೊದಲು ಒಂದು ಮಾತು. ಹಿಂದೆ ಬಿದ್ದವರನ್ನು ಹೊರಗೆ ಕಳುಹಿಸುವುದರ ಬಗ್ಗೆ ನನ್ನ ತಕರಾರಿಲ್ಲ. ಶನಿವಾರದ ಶಾರ್ಟ್ ಟ್ರ್ಯಾಕ್ ಸ್ಪರ್ಧೆಯಲ್ಲಿ ಮುಂದಾಳು ಒಂದು ಪೂರ್ತಿ ಸುತ್ತು ಮುಂದೆ ಹೋಗಿ ನನ್ನನ್ನು ದಾಟಿದಾಗ ನಾನು ಯಾರೂ ಹೇಳುವ ಮೊದಲೇ ಪಕ್ಕಕ್ಕೆ ಸರಿದೆ. ಅದು ನಿಯಮ, ಅದು ನ್ಯಾಯ. ಟ್ರ್ಯಾಕ್ ಹಾಕಿದವರ ಮೇಲೂ ನನಗೆ ಮುನಿಸಿಲ್ಲ. ಲಂಟಾನ ಪೊದೆಗಳ ನಡುವಿನ ಆ ಏರನ್ನೂ, ಅದರಾಚೆ ಸೀಟಿನ ಹಿಂದಕ್ಕೆ ಜಾರಿ ಕೂತು ಇಳಿಯಬೇಕಾದ ಬಂಡೆಯ ಇಳಿಜಾರನ್ನೂ ಬಲ್ಲವರೇ ರೂಪಿಸಿದ್ದರು. ದೇವರಾಯನದುರ್ಗದ ಏರಿನಲ್ಲಿ ಒಂದು ವರ್ಷ ಬೆಳಗಿನ ನಿದ್ದೆ ಬಿಟ್ಟು ತುಳಿದದ್ದು ಸಾರ್ಥಕವಾಯಿತೆಂದು ಮೊದಲ ಸುತ್ತಿನಲ್ಲೇ ಅನ್ನಿಸಿತ್ತು.

ಶೇಕಡಾ 80ರ ನಿಯಮವನ್ನು ತಮಗೆ ವಿವರಿಸುವುದು ಉದ್ಧಟತನವಾದೀತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐನ ಆ ನಿಯಮವನ್ನೇ ಅನುಸರಿಸುತ್ತೇವೆಂದು ತಮ್ಮ ಕೈಪಿಡಿಯ 7ನೇ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ: ಸ್ಪರ್ಧಿಯು ತನ್ನ ವರ್ಗದ ಮುಂದಾಳಿಗಿಂತ ಎಷ್ಟು ಹಿಂದೆ ಬೀಳಬಹುದೆಂಬುದಕ್ಕೆ ಆ ಮುಂದಾಳಿನ ಮೊದಲ ಸುತ್ತಿನ ಸಮಯದ ಶೇಕಡಾ 80 ಮಿತಿ. ‘ತನ್ನ ವರ್ಗದ’ ಎಂಬ ಪದ ತಮ್ಮ ಕೈಪಿಡಿಯದೇ, ನನ್ನ ಸೇರ್ಪಡೆಯಲ್ಲ.

ಭಾನುವಾರ ಅಗ್ರಶ್ರೇಣಿಯ ಸ್ಪರ್ಧಿಗಳ ಆರು ಸುತ್ತಿನ ಎಲೀಟ್ ವರ್ಗ 8 ಗಂಟೆಗೆ ಹೊರಟಿತು. ನಾಲ್ಕು ಸುತ್ತಿನ ನಮ್ಮ ಮಾಸ್ಟರ್ಸ್ ವರ್ಗ ಅದೇ ಟ್ರ್ಯಾಕಿನಲ್ಲಿ 8 ಗಂಟೆ 3 ನಿಮಿಷಕ್ಕೆ ಹೊರಟಿತು. ಸಮಯ ಅಳೆಯುವ ತಮ್ಮದೇ ಚಿಪ್ ದಾಖಲೆಯ ಪ್ರಕಾರ ನಮ್ಮ ವರ್ಗದ ಮುಂದಾಳಿನ ಮೊದಲ ಸುತ್ತು 16 ನಿಮಿಷ 30 ಸೆಕೆಂಡು. ಅದರ ಶೇಕಡಾ 80 ಎಂದರೆ 13 ನಿಮಿಷ 12 ಸೆಕೆಂಡು. ಎರಡು ಸುತ್ತು ಮುಗಿದಾಗ ಅವರದು 33:30, ನನ್ನದು 39:30. ಅಂತರ ಸರಿಯಾಗಿ 6 ನಿಮಿಷ. ಮಿತಿಯ ಅರ್ಧದಷ್ಟೂ ಇಲ್ಲ. ಆದರೂ ಅಲ್ಲಿ ಕೆಂಪು ಬಾವುಟ ನನಗೆ ಅಡ್ಡ ಬಂತು.

ಹಾಗಿದ್ದರೆ ಯಾವ ಲೆಕ್ಕದಲ್ಲಿ ನನ್ನನ್ನು ತಡೆದಿರಿ? ಮನೆಗೆ ಬಂದು ಕೂತು ಬಿಡಿಸಿದಾಗ ಗೊತ್ತಾಯಿತು. ಎಲೀಟ್ ಮುಂದಾಳಿನ ಮೊದಲ ಸುತ್ತು 14:10. ಅದರ ಶೇಕಡಾ 80 ಎಂದರೆ 11:20. ಎರಡು ಸುತ್ತಿಗೆ ಅವರದು 28:40. ತಪ್ಪು ವರ್ಗದ ಈ ಅಳತೆಗೋಲಿನಲ್ಲೂ ನಾನು 10:50 ಹಿಂದಿದ್ದೆ, ಅಂದರೆ ಅರ್ಧ ನಿಮಿಷ ಮಿತಿಯೊಳಗೇ ಇದ್ದೆ. ಆದರೆ ತಮ್ಮ ಸಿಬ್ಬಂದಿ ಎಲೀಟ್ ಹೊರಟಾಗ ಒತ್ತಿದ ಗಡಿಯಾರವನ್ನೇ ನಮಗೂ ಹಿಡಿದಿದ್ದರಿಂದ, ತಾವೇ ನಮ್ಮನ್ನು ಗೆರೆಯ ಹಿಂದೆ ನಿಲ್ಲಿಸಿಕೊಂಡಿದ್ದ ಆ 3 ನಿಮಿಷವೂ ನನ್ನ ಖಾತೆಗೆ ಬಿತ್ತು. ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪನ್ನು ಕೂಡಿಸಿದಾಗ ಮಾತ್ರ ನಾನು ಹೊರಗೆ ಹೋಗಲು ಅರ್ಹನಾಗುತ್ತೇನೆ. ಹೀಗೆ ನಮ್ಮ ವರ್ಗದ ಹದಿನಾರು ಜನರಲ್ಲಿ ಏಳು ಜನರನ್ನು ಅಲ್ಲೇ ತಡೆಯಲಾಯಿತು.

ತಮಗೆ ಇದು ಆಗಲೇ ತಿಳಿದಿತ್ತು ಎನ್ನಲು ಆಧಾರವಿದೆ. ಅದೇ ಲೆಕ್ಕವನ್ನು ಮೂರನೇ ಸುತ್ತಿಗೂ ನಡೆಸಿದ್ದರೆ ನಾವು ಹೊರಟಾಗಿನಿಂದ 51:40ರ ನಂತರ ಬಂದ ಎಲ್ಲರೂ ಹೊರಗೆ ಹೋಗಬೇಕಿತ್ತು; ನಮ್ಮ ವರ್ಗದ ಎರಡನೇ ಸ್ಥಾನದವರು ಬಂದದ್ದು 52:10ಕ್ಕೆ. ಅವರನ್ನೂ ಅವರ ಹಿಂದಿನವರನ್ನೂ ಯಾರೂ ತಡೆಯಲಿಲ್ಲ. ಬಾವುಟ ಹಿಡಿದಿದ್ದ ಹುಡುಗ ಅಷ್ಟರಲ್ಲಿ ಅದನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡಿದ್ದನ್ನು ನಾನೇ ನೋಡಿದ್ದೇನೆ. ಯಾರೋ ಎಚ್ಚೆತ್ತು ತಡೆಯುವುದನ್ನು ನಿಲ್ಲಿಸಿದರು. ತಡೆದಿದ್ದವರಿಗೆ ಮಾತ್ರ ಹೇಳಲಿಲ್ಲ.

ಈಗ ತಮ್ಮ ಡೇರೆಯಲ್ಲಿ ನಡೆದದ್ದು. ಬಾವುಟ ಅಡ್ಡ ಬಂದ ಕೂಡಲೇ ಧ್ವನಿವರ್ಧಕದಲ್ಲಿ, “ನಮ್ಮ ತುಮಕೂರಿನ ಲೆಕ್ಕದ ಮೇಷ್ಟ್ರು ಸುಸ್ತಾಗಿದ್ದಾರೆ, ಹಿರಿಯರಿಗೆ ಜೋರಾಗಿ ಒಂದು ಚಪ್ಪಾಳೆ!” ಎಂದು ಕೂಗಿದರು. ಅರ್ಜಿಯಲ್ಲಿ ವೃತ್ತಿ ಎಂಬ ಅಂಕಣ ಯಾಕಿತ್ತೆಂದು ಆಗ ಅರ್ಥವಾಯಿತು. ನಾನು ಸುಸ್ತಾಗಿರಲಿಲ್ಲ. ನನಗೆ ವಯಸ್ಸು 47; ಹಿರಿಯ ನಾಗರಿಕನಾಗಲು ಇನ್ನೂ ಹದಿಮೂರು ವರ್ಷವಿದೆ. ಸೈಕಲನ್ನು ತಳ್ಳಿಕೊಂಡು ಡೇರೆಗೆ ಹೋದೆ. ಜೊತೆಗೆ, ಫೀಡ್ ಜೋನಿನಲ್ಲಿ ನನಗಾಗಿ ನೀರಿನ ಬಾಟಲಿ ಹಿಡಿದು ನಿಂತಿದ್ದ ನನ್ನ ಒಂಬತ್ತನೇ ತರಗತಿಯ ವಿದ್ಯಾರ್ಥಿಯೂ ಬಂದ. ಸಂಸ್ಥೆಯ ಟೀ ಶರ್ಟು ತೊಟ್ಟಿದ್ದ ಅಧಿಕಾರಿಯೊಬ್ಬರು ಕಾಗದದ ತಟ್ಟೆಯಲ್ಲಿ ಇಡ್ಲಿ ತಿನ್ನುತ್ತಿದ್ದರು. ತಟ್ಟೆಯ ಕೆಳಗೆ ಒತ್ತಿಗೆ ಇಟ್ಟುಕೊಂಡಿದ್ದ ಹಾಳೆ ನಮ್ಮ ವರ್ಗದ ಪಟ್ಟಿಯೇ ಆಗಿತ್ತು. 412ರಿಂದ 419ರವರೆಗಿನ ಹೆಸರುಗಳ ಮೇಲೆ ಚಟ್ನಿ ಚೆಲ್ಲಿತ್ತು.

“ಸರ್, ನನ್ನನ್ನು ಯಾಕೆ ತಡೆದಿರಿ?” ಎಂದೆ.

“ಏಯ್ಟಿ ಪರ್ಸೆಂಟ್ ಅಂಕಲ್.”

“ಯಾರ ಸಮಯದ ಎಂಬತ್ತು?”

ಅವರು ಇಡ್ಲಿ ನುಂಗಿ, ನೀರು ಕುಡಿದು, “ಲೀಡರ್‌ದು” ಎಂದರು.

“ಯಾವ ವರ್ಗದ ಲೀಡರು?”

“ಲೀಡರ್ ಅಂದ್ರೆ ಲೀಡರ್ ಅಂಕಲ್. ಸಿಸ್ಟಮ್ ಹಾಗೇ ತೋರಿಸುತ್ತೆ.”

ಆಗ ನನ್ನ ವಿದ್ಯಾರ್ಥಿ ಅಂಗೈ ಮೇಲೆ ಬಾಲ್ ಪೆನ್ನಿನಲ್ಲಿ ಬರೆದುಕೊಂಡಿದ್ದ ಸಮಯಗಳನ್ನು ಅವರಿಗೆ ತೋರಿಸಿ, “ಸಾರ್, ಆರೇ ನಿಮಿಷ ಹಿಂದಿರೋದು” ಎಂದ. ಅವರು ಆ ಅಂಗೈಯನ್ನು ನೋಡಿ ನಕ್ಕರು. “ನೋಡಪ್ಪಾ, ನಿಮ್ಮ ಮೇಷ್ಟ್ರ ವಯಸ್ಸಿಗೆ ಇಷ್ಟು ಮಾಡಿದ್ದೇ ದೊಡ್ಡದು” ಎಂದು ಹೇಳಿ, ಕಾಲ ಬಳಿ ಇದ್ದ ಪೆಟ್ಟಿಗೆಯಿಂದ ಒಂದು ಫಿನಿಶರ್ ಪದಕ ತೆಗೆದು, “ನೀನೇ ಹಾಕು, ಖುಷಿಯಾಗ್ತಾರೆ” ಎಂದು ಹುಡುಗನ ಕೈಗೆ ಕೊಟ್ಟರು. ಹುಡುಗ ನನ್ನ ಮುಖ ನೋಡಿದ. ಹಾಕಬೇಡ ಎಂದರೆ ಅವನಿಗೆ ಅವಮಾನ, ಹಾಕು ಎಂದರೆ ನನಗೆ. ತಲೆ ಬಗ್ಗಿಸಿದೆ. ತಮ್ಮ ಫೋಟೊಗ್ರಾಫರು ಅದೇ ಕ್ಷಣಕ್ಕೆ ಕಾಯುತ್ತಿದ್ದವರಂತೆ ಕ್ಲಿಕ್ಕಿಸಿದರು. ಜಾಹೀರಾತಿನ ಫೋಟೊ ಅದೇ. ಹಿಂತಿರುಗುವಾಗ ಬಸ್ಸಿನಲ್ಲಿ ಹುಡುಗ ಬಹಳ ಹೊತ್ತು ಸುಮ್ಮನಿದ್ದು, “ಸಾರ್, ನಮ್ಮ ಲೆಕ್ಕ ಸರಿ ತಾನೆ?” ಎಂದು ಕೇಳಿದ.

ಲಿಖಿತ ಆಕ್ಷೇಪಣೆ ಸಲ್ಲಿಸಬಹುದಿತ್ತಲ್ಲ ಎಂದು ತಾವು ಕೇಳಬಹುದು. ಫಲಿತಾಂಶ ಪ್ರಕಟವಾದ 15 ನಿಮಿಷದೊಳಗೆ ಸ್ಪರ್ಧೆಯ ಡೇರೆಯಲ್ಲಿ 500 ರೂಪಾಯಿ ಕಟ್ಟಿ ಸಲ್ಲಿಸಬೇಕೆಂದು ಕೈಪಿಡಿ ಹೇಳುತ್ತದೆ. ಡೇರೆ ಬಿಚ್ಚಿದ್ದು ಮಧ್ಯಾಹ್ನ ಒಂದಕ್ಕೆ, ಫಲಿತಾಂಶ ಪ್ರಕಟವಾದದ್ದು ರಾತ್ರಿ ಒಂಬತ್ತಕ್ಕೆ. ಆ ಹೊತ್ತಿನಲ್ಲಿ ಚಿಕ್ಕಬಳ್ಳಾಪುರದ ಬಯಲಿನಲ್ಲಿ ಯಾವ ಗೂಟದ ಬಳಿ 500 ರೂಪಾಯಿ ಇಟ್ಟು ಬರಬೇಕಿತ್ತೆಂದು ಕೈಪಿಡಿಯಲ್ಲಿ ಇಲ್ಲ. ಒಂದು ವೇಳೆ ನನ್ನನ್ನು ತಡೆದದ್ದು ಸರಿಯೇ ಆಗಿದ್ದರೂ ‘ಡಿಎನ್‌ಎಫ್’ ಸರಿಯಲ್ಲ: ಶೇಕಡಾ 80ರ ನಿಯಮದಡಿ ಹೊರಗೆ ಕಳುಹಿಸಿದವರ ಹೆಸರನ್ನು ಎಷ್ಟು ಸುತ್ತು ಬಾಕಿಯಿತ್ತೆಂಬ ಸಂಖ್ಯೆಯೊಂದಿಗೆ ಪಟ್ಟಿಯ ಕ್ರಮದಲ್ಲೇ ಸೇರಿಸಬೇಕು. ‘ಡಿಎನ್‌ಎಫ್’ ಇರುವುದು ತಾವಾಗಿ ನಿಲ್ಲಿಸಿದವರಿಗೆ. ನಾನು ನಿಲ್ಲಿಸಲಿಲ್ಲ, ನಿಲ್ಲಿಸಲ್ಪಟ್ಟೆ. ತಡೆದಾಗ ನಾನು ಹತ್ತನೆಯವನಾಗಿದ್ದೆ. ಪದಕದ ಆಸೆಯಿಂದ ಈ ಪತ್ರ ಬರೆಯುತ್ತಿಲ್ಲವೆಂಬುದು ಅದರಿಂದಲೇ ತಿಳಿಯುತ್ತದೆ.

ಆದ್ದರಿಂದ ಏಳೂ ಜನರ ಫಲಿತಾಂಶವನ್ನು ತಿದ್ದಿ, ಎಲೀಟ್ ಗಡಿಯಾರದ ತಪ್ಪನ್ನು ಒಪ್ಪಿಕೊಂಡು ಪ್ರಕಟಣೆ ಹೊರಡಿಸಬೇಕು, ನನ್ನ ಫೋಟೊವನ್ನು ತೆಗೆಯಬೇಕು, ಮತ್ತು ಭಾನುವಾರದ ಪಾಲಿನ ಶುಲ್ಕವನ್ನು ಹಿಂತಿರುಗಿಸಬೇಕು. ಹದಿನೈದು ದಿನ ಕಾಯುತ್ತೇನೆ. ಹದಿನೈದು ನಿಮಿಷವಲ್ಲ, ದಿನ.

ಅಷ್ಟರಲ್ಲಿ ಆಗದಿದ್ದರೆ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಅನಂತರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಆ ಕಾಯ್ದೆಯಲ್ಲಿ ಅವಕಾಶವಿದೆ, ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ. ವಿಚಾರಣೆಗೆ ತಮ್ಮ ಪ್ರತಿನಿಧಿಗಳು ಬರುವಾಗ ಸಿಸ್ಟಮ್ಮನ್ನೂ ಜೊತೆಗೆ ಕರೆತರಲಿ. ಇದಲ್ಲದೆ, ಬರುವ ಕಿರುಪರೀಕ್ಷೆಗೆ ಒಂಬತ್ತನೇ ತರಗತಿಯ ಶೇಕಡಾವಾರು ಲೆಕ್ಕವಾಗಿ ತಮ್ಮ ಚಿಪ್ ದಾಖಲೆಯನ್ನು ಹೆಸರು ಅಳಿಸಿ ಕೊಡುವುದೆಂದು ನಿಶ್ಚಯಿಸಿದ್ದೇನೆ. ಮಕ್ಕಳ ಉತ್ತರ ಪತ್ರಿಕೆಗಳನ್ನು ತಿದ್ದಿದ ಮೇಲೆ ನಲವತ್ತೆರಡನ್ನೂ ಸ್ಪೀಡ್ ಪೋಸ್ಟಿನಲ್ಲಿ ತಮಗೆ ಕಳುಹಿಸುತ್ತೇನೆ. ಚಟ್ನಿಯಿಂದ ದೂರವಿಟ್ಟು ಓದಬೇಕಾಗಿ ವಿನಂತಿ.

ಇಂತಿ ತಮ್ಮ,
417ನೇ ನಂಬರಿನ ಸ್ಪರ್ಧಿ
ಮಾಸ್ಟರ್ಸ್ ವರ್ಗ
ತುಮಕೂರು

ಲಗತ್ತು: ಚಿಪ್ ದಾಖಲೆಯ ಪ್ರತಿ, ಕೈಪಿಡಿಯ 7ನೇ ಪುಟದ ಪ್ರತಿ, ಬಳಸದ ಕೂಪನ್, ಪದಕ.