ಕುದುರೆಗಳ ಚಳಿಗಾಲದ ರಗ್ಗು: ಲಾಯದ ಗುಂಪಿನ ಎಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಬಂತು, ರಗ್ಗು ಹಾಕ್ಬೇಕಾ ಅಂತ ದಿನಾ ಒಬ್ಬರಾದರೂ ಕೇಳುತ್ತಿದ್ದೀರಿ.

ನಮಗೆ ಚಳಿ ಅಂದ ಮಾತ್ರಕ್ಕೆ ಕುದುರೆಗೂ ಚಳಿ ಅಂತಲ್ಲ. ಬೆಂಗಳೂರಿನ ಬೆಳಗಿನ 15 ಡಿಗ್ರಿ ಗಟ್ಟಿಮುಟ್ಟಾದ ಕುದುರೆಗೆ ಹಿತವಾಗಿಯೇ ಇರುತ್ತದೆ. ಚಳಿಗೆ ಅದರ ಕೂದಲು ನಿಮಿರಿ ನಿಂತು ನಡುವೆ ಗಾಳಿ ಹಿಡಿದಿಡುತ್ತದೆ. ಭಾರದ ರಗ್ಗು ಹಾಕಿದರೆ ಆ ಕೂದಲೇ ಒತ್ತಿಹೋಗುತ್ತದೆ. ಒಳಗೆ ಚದರ ಮೀಟರಿಗೆ 300 ಗ್ರಾಂ ತುಂಬಿದ ದಪ್ಪ ರಗ್ಗು ಹಿಮ ಬೀಳುವ ಊರಿನದು, ಸುಮ್ನೆ ದುಡ್ಡು ಸುರಿಯಬೇಡಿ. ಕೂದಲು ಕತ್ತರಿಸಿದ, ವಯಸ್ಸಾದ, ಬಡಕಲಾದ ಕುದುರೆಗಳಿಗೆ ಮಾತ್ರ ರಾತ್ರಿ ತೆಳು ರಗ್ಗು ಸಾಕು. ಅಳತೆ ಎದೆಯ ನಡುವಿನಿಂದ ಪೃಷ್ಠದ ತುದಿವರೆಗೆ ತೆಗೆದುಕೊಳ್ಳಿ.

ಬೆಳಿಗ್ಗೆ 8ಕ್ಕೆ ತೆಗೆಯಲೇಬೇಕು, ದಯವಿಟ್ಟು. ಹೋದ ಜನವರಿಯಲ್ಲಿ ನಮ್ಮ ಚೆನ್ನಿಯ ರಗ್ಗು ಮಧ್ಯಾಹ್ನದವರೆಗೂ ಮೈಮೇಲೇ ಇತ್ತು. ಒಳಗೆ ಕೈ ಹಾಕಿದರೆ ಬೆನ್ನೆಲ್ಲ ಒದ್ದೆ. ಭುಜದ ಹತ್ತಿರ ಕೂದಲು ಉಜ್ಜಿಹೋಗಿ ಚರ್ಮ ಕೆಂಪಾಗಿತ್ತು. ಪಾಪ, ಮುಟ್ಟಿದರೆ ಬೆಚ್ಚಿ ಪಕ್ಕಕ್ಕೆ ಸರಿಯುತ್ತಿತ್ತು.

ಕಿವಿ ತಣ್ಣಗಿದೆ ಅಂತ ಗಾಬರಿ ಬೇಡ. ರಗ್ಗಿನೊಳಗೆ, ಭುಜದ ಹಿಂದೆ ಅಂಗೈ ಇಡಿ. ಬೆಚ್ಚಗೆ, ಒಣಗಿದ್ದರೆ ಸರಿ. ಬೆವರಿದ್ದರೆ ತಕ್ಷಣ ತೆಗೆಯಿರಿ. ಹೊಟ್ಟೆಯ ಪಟ್ಟಿಯೊಳಗೆ ಒಂದು ಅಂಗೈ ಅಗಲ ಜಾಗ ಬಿಡಿ. ಒದ್ದೆ ರಗ್ಗನ್ನು ಮತ್ತೆ ಹಾಕಲೇಬೇಡಿ.

ಚಳಿ ಜಾಸ್ತಿ ಇರುವ ರಾತ್ರಿ ಒಣಹುಲ್ಲು ಸ್ವಲ್ಪ ಹೆಚ್ಚಿಗೆ ಹಾಕಿ. ಕರುಳಿನಲ್ಲಿ ನಾರು ಹುದುಗು ಬರುವಾಗ ಒಳಗಿಂದಲೇ ಮೈ ಬೆಚ್ಚಗಾಗುತ್ತದೆ. ರಗ್ಗಿಗಿಂತ ಅದೇ ಒಳ್ಳೆಯದು ಅಲ್ವಾ?

ಹರಿದ ರಗ್ಗು ಇದ್ದವರು ಭಾನುವಾರದೊಳಗೆ ತಿಳಿಸಿ, ಒಟ್ಟಿಗೆ ಹೊಲಿಸೋಣ.