ವೇಗಸ್ ಟ್ರ್ಯಾಡ್ ಟ್ರಿಪ್: ಹೊರಡೋ ಮುಂಚೆ ಓದಿ

ಗೆಳೆಯರೇ, ಟ್ರ್ಯಾಡ್ ಕ್ಲೈಂಬಿಂಗ್‌ಗೆ (ಬಿರುಕುಗಳಲ್ಲಿ ನಾವೇ ಸುರಕ್ಷತಾ ಸಾಧನ ಸಿಕ್ಕಿಸುತ್ತಾ ಬಂಡೆ ಹತ್ತುವುದು) ಏಪ್ರಿಲ್‌ನಲ್ಲಿ ಲಾಸ್ ವೇಗಸ್ ಪಕ್ಕದ ರೆಡ್ ರಾಕ್ ಕ್ಯಾನ್ಯನ್ ಒಳ್ಳೆ ಆಯ್ಕೆ. ಊರಿಂದ ಸುಮಾರು 27 ಕಿ.ಮೀ. ಅಷ್ಟೇ. ಬೇಸಿಗೆಯ ಉರಿ ಇನ್ನೂ ಶುರುವಾಗಿರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಮಳೆ. ಅಲ್ಲಿರುವುದು ಮರಳುಗಲ್ಲು. ನೆನೆದರೆ ಮೆತ್ತಗಾಗುತ್ತದೆ, ಹಿಡಿತಗಳು ಮುರಿಯುತ್ತವೆ, ಬಿರುಕಿಗೆ ಸಿಕ್ಕಿಸುವ ಸಾಧನವಾದ ಕ್ಯಾಮ್ ಕೂಡ ಕಿತ್ತು ಬರಬಹುದು. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಮಳೆ ಬಂದರೆ ಒಂದರಿಂದ ಮೂರು ದಿನ ಕಾಯಬೇಕು. ರಜೆ ಹಾಳಾಯ್ತು ಅಂತ ಯಾರೂ ಹಟ ಮಾಡಬೇಡಿ.

ಮೊದಲ ದಿನ 'ಕ್ಯಾಟ್ ಇನ್ ದ ಹ್ಯಾಟ್' (5.6) ಎಂಬ ಹತ್ತುವ ದಾರಿ ಸಾಕು (ಕಂಸದಲ್ಲಿರುವುದು ಕಷ್ಟದ ಮಟ್ಟ, ಬಿಂದುವಿನ ನಂತರದ ಅಂಕಿ ಹೆಚ್ಚಿದಷ್ಟೂ ಕಷ್ಟ). ಚಳಿ ಇದ್ದರೆ ಬಿಸಿಲಿಗೆ ಮುಖ ಮಾಡಿರುವ 'ಸೋಲಾರ್ ಸ್ಲ್ಯಾಬ್' (5.6), ಸೆಕೆ ಇದ್ದರೆ ನೆರಳಿನ 'ಡಾರ್ಕ್ ಶ್ಯಾಡೋಸ್' (5.8). 'ಎಪಿನೆಫ್ರಿನ್' (5.9) ಎಲ್ಲರ ಕನಸು, ಗೊತ್ತು. ಆದರೆ ಅದರ ಚಿಮಣಿಗಳು, ಅಂದರೆ ಮೈ ತೂರಿಸಿ ಹತ್ತಬೇಕಾದ ಅಗಲ ಬಿರುಕುಗಳು, ಮೈ ಹಿಂಡುತ್ತವೆ. ಚಿಮಣಿ ಅಭ್ಯಾಸ ಇಲ್ಲದವರು ಅದೇ ಬ್ಲ್ಯಾಕ್ ವೆಲ್ವೆಟ್ ಕಣಿವೆಯ 'ಫ್ರಾಗ್‌ಲ್ಯಾಂಡ್' (5.8) ಹತ್ತಿ, ಅದೂ ಸೊಗಸಾಗಿದೆ.

ಅಕ್ಟೋಬರ್‌ನಿಂದ ಮೇ ಕೊನೆವರೆಗೆ ಬೆಳಿಗ್ಗೆ 8ರಿಂದ ಸಂಜೆ 5ರ ನಡುವೆ ರೆಡ್ ರಾಕ್ ಒಳಗೆ ಸುತ್ತಿ ಬರುವ ಲೂಪ್ ರಸ್ತೆಗೆ ಕಾರಲ್ಲಿ ಹೋಗಲು ಮುಂಗಡ ಬುಕಿಂಗ್ ಬೇಕು. 8ಕ್ಕೆ ಮುಂಚೆ ಒಳಗೆ ಹೋದರೆ ಬೇಡ. ಹೇಗೂ ಉದ್ದದ ದಾರಿಗಳಿಗೆ ಬೇಗ ಹೊರಡಲೇಬೇಕು, ಅಲ್ವಾ? ಕತ್ತಲಾಗುವ ಸಾಧ್ಯತೆ ಇದ್ದರೆ ಲೇಟ್ ಎಕ್ಸಿಟ್ ಪರ್ಮಿಟ್ (ರಸ್ತೆ ಮುಚ್ಚುವ ಹೊತ್ತು ಮೀರಿ ಒಳಗಿರಲು ಅನುಮತಿ) ತೆಗೆದುಕೊಳ್ಳಿ. ಬ್ಲ್ಯಾಕ್ ವೆಲ್ವೆಟ್ ಕಣಿವೆ ಲೂಪ್ ಹೊರಗಿದೆ, ಬುಕಿಂಗ್ ಗೋಳಿಲ್ಲ. ಮಣ್ಣುರಸ್ತೆ ಮಾತ್ರ ಒರಟು.

ಹೆಲ್ಮೆಟ್, ಹೆಡ್‌ಲ್ಯಾಂಪ್, ಜಾಸ್ತಿ ನೀರು ಮರೀಬೇಡಿ. ಇಳಿಯುವಾಗ ಹಗ್ಗ ಸಿಕ್ಕಿಕೊಳ್ಳುವುದು ಅಲ್ಲಿ ಮಾಮೂಲು. ಯಾರ ಹತ್ತಿರ ದೊಡ್ಡ ಕ್ಯಾಮ್ ಇದೆ, ಇಲ್ಲೇ ತಿಳಿಸಿ.