ಟ್ರ್ಯಾಕ್ಟರ್ ಕರ್ನಾಟಕದ್ದು, ಊರು ಮಹಾರಾಷ್ಟ್ರದ್ದು

ಸಂಪಾದಕರಿಗೆ ನಮಸ್ಕಾರ್ರಿ. ನಾವು ಜತ್ತ ತಾಲೂಕಿನ ಗಡಿ ಹಳ್ಳಿಯವರು, ಸಂತಿ ಪ್ಯಾಟಿ ಎಲ್ಲಾ ವಿಜಯಪುರಕ್ಕ, ಹಂಗಾಗಿ ಟ್ರ್ಯಾಕ್ಟರೂ ಆ ಕಡೆದ್ದೇ ತರ್ತೀವಿ. ಜಿಎಸ್‌ಟಿ ಬಂದ ಮ್ಯಾಲ ದೇಶಕ್ಕೆಲ್ಲಾ ಒಂದೇ ಟ್ಯಾಕ್ಸ್, ಎಲ್ಲಿ ತಗೊಂಡ್ರೂ ಫರಕ್ ಇಲ್ಲ ಅಂತ ಏಜೆಂಟರು ಹೇಳ್ತಾರ, ಅದು ಅರ್ಧ ಖರೆ ಅಷ್ಟೇ. ಹೊಸಾ ಟ್ರ್ಯಾಕ್ಟರಿಗೆ 12 ಪರ್ಸೆಂಟ್ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5 ಆಗೇತಿ, ಅದು ಎರಡೂ ಕಡೆ ಒಂದೇ. ಆದ್ರ ರೋಡ್ ಟ್ಯಾಕ್ಸ್ ಜಿಎಸ್‌ಟಿಯೊಳಗ ಬರೂದಿಲ್ರಿ, ಅದು ಆಯಾ ರಾಜ್ಯದ್ದು.

ನಾ ಸೆಕೆಂಡ್ ಹ್ಯಾಂಡ್ ತಗೊಂಡು ಸಿಕ್ಕೊಂಡೆ. ರೊಕ್ಕ ಕೊಟ್ಟು ಆರ್‌ಸಿ ಇಸ್ಕೊಂಡು ಬಂದ್ಬಿಟ್ಟೆ, ಆಮ್ಯಾಲ ನೋಡಿದ್ರ ಅದರಾಗ ಬ್ಯಾಂಕಿನ ಸಾಲ ಹಂಗೇ ಕುಂತಿತ್ತು, ಅದು ತೆಗೆಸೂತನಾ ಎನ್‌ಓಸಿ, ಅಂದ್ರ ಗಾಡಿ ಬ್ಯಾರೆ ರಾಜ್ಯಕ್ಕ ಒಯ್ಯಾಕ ತಕರಾರಿಲ್ಲ ಅನ್ನೂ ಪತ್ರ, ಕೊಡೂದಿಲ್ಲ ಅಂತ ಆರ್‌ಟಿಓದಾಗ ಅಂದ್ರು. ಈ ಎನ್‌ಓಸಿನೇ ಫಾರ್ಮ್ 28, ಮೊದಲ ನೋಂದಣಿ ಆದ ಆರ್‌ಟಿಓದಾಗೇ ಸಿಗ್ತೈತಿ, ಅದಕ್ಕ ಚಾಸಿ ನಂಬರಿನ ಮ್ಯಾಲ ಹಾಳಿ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೀಬೇಕು, ಗ್ರೀಸ್ ಮಣ್ಣು ಮೆತ್ತಿದ್ದು ಸೀಮೆಎಣ್ಣಿ ಹಾಕಿ ಒರೆಸೂದ್ರಾಗ ಅರ್ಧಾ ದಿನ ಹೋತು. ಬ್ಯಾರೆ ರಾಜ್ಯದಾಗ 12 ತಿಂಗಳ ಮ್ಯಾಲ ಗಾಡಿ ಇಟ್ಕೊಂಡ್ರ ಅಲ್ಲಿ ನಂಬರ್ ಬದಲಿ ಮಾಡಿಸ್ಲೇಬೇಕು, ಇದು ಕಾಯ್ದೆ, ಗಾಡಿ ನಮ್ಮ ಹೆಸರಿಗಿ ಮಾಡ್ಕೊಳ್ಳೂದು ಬ್ಯಾರೆ ಕೆಲಸ.

ರೈತ್ರು ರೊಕ್ಕ ಎಣಸೂ ಮೊದ್ಲೇ ಮಾರಾವ್ರ ಕೈಲಿ ಸಾಲದ ಹೆಸರು ತೆಗೆಸಿ ಫಾರ್ಮ್ 28 ಇಸ್ಕೊಳ್ರಿ. ಗಡಿ ತಾಲೂಕಿನ ಆಫೀಸುಗಳಾಗ ಈ ಮಾಹಿತಿ ಕನ್ನಡದಾಗ ಒಂದು ಬೋರ್ಡ್ ಮ್ಯಾಲ ಬರೆದು ಹಾಕ್ಬೇಕಂತ ಕೈಮುಗಿದು ಕೇಳ್ತೀನಿ, ಮರಾಠಿ ಓದಾಕ ಬರಲಾರದ ಹಿರ್ಯಾರು ನಮ್ಮಾಗ ಭಾಳ ಮಂದಿ ಅದಾರ.

— ಒಬ್ಬ ರೈತ, ಜತ್ತ ತಾಲೂಕು, ಸಾಂಗಲಿ ಜಿಲ್ಲೆ